ರಷ್ಯಾದ ಚಾಂಪಿಯನ್ನೂ ನಮ್ಮ ಅಲ್ ಹೈಲ್ ಕ್ಲಬ್ಬೂ

ಕುಸ್ತಿ ಕಲಿಸುವ ಜಾಗದಲ್ಲಿ ಕೆಲಸಕ್ಕಿದ್ದರೆ, ಕುರ್ಚಿಯಲ್ಲಿ ಸುಮ್ಮನೆ ಕೂತವರನ್ನೂ ಫಜೀತಿ ಹುಡುಕಿಕೊಂಡು ಬರುತ್ತದೆ. ನಾನು ಮೂಡುಬಿದಿರೆಯವಳು. ಮಸ್ಕತ್ತಿನ ಅಲ್ ಹೈಲ್‌ನಲ್ಲಿ ಒಂದು ಮಹಿಳಾ ಕ್ಲಬ್ಬಿನ ರಿಸೆಪ್ಷನಿಸ್ಟ್. ಫೋನು ಎತ್ತುವುದು, "ಎಸಿ ಯಾಕೆ ತಣ್ಣಗಿಲ್ಲ" ಎಂದವರಿಗೆ ಸಮಾಧಾನ ಹೇಳುವುದು ನನ್ನ ಕೆಲಸ. ಜಪಾನಿನ ಜೂಡೋ ಮತ್ತು ಸಾಂಬೊ ಎಂಬ ರಷ್ಯಾದ ಕುಸ್ತಿ, ಎರಡರಲ್ಲೂ ಚಾಂಪಿಯನ್ ಆಗಿದ್ದ ಮಹಿಳೆಯೊಬ್ಬರನ್ನು ನಮ್ಮ ಒಮಾನಿ ಮಾಲೀಕರು ಕೋಚ್ ಆಗಿ ಕರೆಸಿದರು. ಕರೆಸುವಾಗಲೇ ನನಗೆ ಹೇಳಿಬಿಟ್ಟಿದ್ದರು: ಜನ ಸೇರಲಿಲ್ಲವೋ, ಕ್ಲಬ್ ಮುಚ್ಚುತ್ತೇನೆ, ಆಕೆ ರಷ್ಯಾಕ್ಕೆ, ನೀನು ಮಂಗಳೂರಿಗೆ.

ಶೂ

ಮೊದಲ ದಿನ ನನಗೆ ಅವರ ಗುರುತಿರಲಿಲ್ಲ. ಎತ್ತರದ ಹೆಂಗಸೊಬ್ಬರು ಕೆಂಪು ಶೂ ಹಾಕಿಕೊಂಡು ಒಳಗೆ ಬಂದವರೇ ನೇರ ಮ್ಯಾಟ್ ಹತ್ತಿಬಿಟ್ಟರು. ಮನೆಯ ಜಗಲಿಗೂ ಚಪ್ಪಲಿ ತಾಗಿಸದೆ ಬೆಳೆದವಳು ನಾನು. "ಶೂ! ಶೂ!" ಎಂದು ಕೋಳಿ ಓಡಿಸುವವಳ ಹಾಗೆ ಹಿಂದೆ ಓಡಿದೆ.

ಅವರು ತಮಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ, "ಜೂಡೋ, ಬರಿಗಾಲು. ಸಾಂಬೊ, ಶೂ. ನಾನು, ಎರಡೂ" ಎಂದರು.

"ಎರಡೂ ಇರಲಿ, ಮೊದಲು ಹೊರಗೆ ಬಿಟ್ಟು ಬನ್ನಿ" ಎಂದೆ.

ಅವರು ಹೊರಗೆ ಹೋದರು. ಅಷ್ಟರಲ್ಲಿ ಮಾಲೀಕರ ಫೋನು. ರಷ್ಯಾದ ಚಾಂಪಿಯನ್ ಬಂದರಾ, ಮರ್ಯಾದೆಯಿಂದ ಬರಮಾಡಿಕೊಂಡೆಯಾ ಎಂದು ವಿಚಾರಣೆ. ಗಾಜಿನಾಚೆ ನೋಡಿದೆ. ಚಾಂಪಿಯನ್ ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚುತ್ತಿದ್ದರು.

"ಬರಮಾಡಿಕೊಳ್ತಾ ಇದ್ದೇನೆ ಸಾರ್" ಎಂದೆ.

ಬಂಗಾರ

ಪುಣ್ಯಕ್ಕೆ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ಒಂದು ಸಂಜೆ ನೀರುದೋಸೆಗೆ ಮನೆಗೆ ಕರೆದೆ. ಪಕ್ಕದ ಫ್ಲ್ಯಾಟಿನ ನಮ್ಮೂರ ಕಡೆಯ ಅಕ್ಕ ಚಾಂಪಿಯನ್ನನ್ನು ನೋಡಲೆಂದೇ ಬಂದರು. ಅವರ ಕಣ್ಣು ಹೋಗಿ ನಿಂತದ್ದು ಕೋಚ್ ಕಿವಿಯ ಮೇಲೆ. ವರ್ಷಗಟ್ಟಲೆ ಎದುರಾಳಿಗಳಿಗೆ ಉಜ್ಜಿ ಉಜ್ಜಿ ಆ ಕಿವಿ ಮುದ್ದೆಗಟ್ಟಿತ್ತು. ಓಲೆ ಹಾಕಲು ಜಾಗವೇ ಇರಲಿಲ್ಲ.

"ಎಂತ ಮಾರಾಯ್ತಿ, ಇಷ್ಟು ದೊಡ್ಡ ಚಾಂಪಿಯನ್ ಅಂತಿ, ಕಿವಿಯಲ್ಲಿ ಒಂದು ಚೂರು ಬಂಗಾರ ಇಲ್ಲ!"

ನಾನು ಅಳುಕುತ್ತಲೇ ಇಂಗ್ಲಿಷಿಗೆ ತಿರುಗಿಸಿದೆ. ಕೋಚ್ ಇನ್ನೊಂದು ದೋಸೆ ಎಳೆದುಕೊಂಡರು. "ಬಂಗಾರದ ಪದಕಗಳು ಊರಲ್ಲಿವೆ. ಅವನ್ನು ತರಲು ಹೋಗಿಯೇ ಕಿವಿ ಹೀಗಾದದ್ದು."

ಅಕ್ಕನಿಗೆ ತಟ್ಟನೆ ಅರ್ಥವಾಯಿತು. "ಹೌದು ಹೌದು. ಬಂಗಾರ ತರ್ಲಿಕ್ಕೆ ಹೋದ್ರೆ ನಮ್ಮವರ ಮುಖವೂ ಹೀಗೇ ಆಗ್ತದೆ."

ಅಮ್ಮ ನೋಡಲು ಬಂದದ್ದು

ಇಷ್ಟೆಲ್ಲ ಹೆಸರಿದ್ದೂ ಕ್ಲಾಸಿಗೆ ಸೇರಿದ್ದು ಒಬ್ಬಳೇ ಹುಡುಗಿ. ಮಾಲೀಕರ ತಾಳ್ಮೆ ಮುಗಿಯಿತು. ಶನಿವಾರ ತಮ್ಮ ಅಮ್ಮ ಸೊಸೆಯಂದಿರ ಜೊತೆ ನೋಡಲು ಬರುತ್ತಾರೆ, ಅವರಿಗೆ ಹಿಡಿಸಿದರೆ ಸರಿ, ಇಲ್ಲದಿದ್ದರೆ ಖಲಾಸ್ ಎಂದರು.

ಶನಿವಾರ ಬೆಳಿಗ್ಗೆ ಆ ಒಬ್ಬಳೇ ಹುಡುಗಿಗೆ ಜ್ವರ. ಕೋಚ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಬಾ."

"ನಾನಾ? ನಾನು ಫೋನು ಎತ್ತುವವಳು!"

"ಇವತ್ತು ನನ್ನನ್ನು ಎತ್ತು."

ಕಾಲರು ಹಿಡಿ, ತೋಳು ಎಳೆ, ತಿರುಗಿ ಬಗ್ಗು, ಉಳಿದದ್ದು ನಾನೇ ಬೀಳುತ್ತೇನೆ ಎಂದು ಹೇಳಿಕೊಟ್ಟರು. ಒಂದೇ ಒಂದು ಸಲ ಎಸೆದರೆ ಸಾಕಂತೆ. ದೇವರ ಮೇಲೆ ಭಾರ ಹಾಕಿ ಬಿಳಿ ಜಾಕೆಟ್ ತೊಟ್ಟೆ.

ಮಾಲೀಕರ ಅಮ್ಮ ಮುಂದಿನ ಕುರ್ಚಿಯಲ್ಲಿ ನಗದೆ ಕೂತಿದ್ದರು. ನಾನು ಹಿಡಿದೆ, ಎಳೆದೆ, ಬಗ್ಗಿದೆ. ಧಡ್! ಚಾಂಪಿಯನ್ ನೆಲದ ಮೇಲೆ. ಅವರು ಎದ್ದು ಕೈಯೆತ್ತಿ ಗಂಭೀರವಾಗಿ, "ಮತ್ತೆ!" ಎಂದರು.

ನೀರುದೋಸೆ ತಿನ್ನುತ್ತಾ ಎರಡು ಮಾತು ಕನ್ನಡವನ್ನೂ ಕಲಿತರಲ್ಲ ಎಂದು ಖುಷಿಯಾಯಿತು. ಹಿಡಿದು ಎಸೆದೆ. "ಮತ್ತೆ!" ಈಗ ದನಿ ಏರಿತ್ತು. ಎಂಥ ಹುಮ್ಮಸ್ಸು ಇವರಿಗೆ ಎಂದುಕೊಂಡು ಎಸೆದೆ. "ಮತ್ತೆ! ಮತ್ತೆ!" ನನ್ನ ಸೊಂಟ ಬೇಡ ಎನ್ನುತ್ತಿತ್ತು. ಆದರೆ ಕೆಲಸದ ಪ್ರಶ್ನೆ, ಎಸೆಯುತ್ತಲೇ ಹೋದೆ. ಪಾಪ, ಅವರಿಗೂ ಬೀಳದೆ ಗತಿಯಿರಲಿಲ್ಲ. ತಡೆದರೆ ನಾನು ಬೀಳುತ್ತಿದ್ದೆ, ನಾನು ಬಿದ್ದರೆ ಕ್ಲಬ್ಬೂ ಬೀಳುತ್ತಿತ್ತು.

ಅಮ್ಮ ಎದ್ದು ನಿಂತರು. ಅವರು ನನ್ನ ಕಡೆ ಬೆರಳು ತೋರಿಸಿ ಹಿಂದಿಯಲ್ಲಿ, "ಯೇ ಟೆಲಿಫೋನ್‌ವಾಲಿ ಹೈ ನಾ?" ಎಂದು ಕೇಳಿದರು. ತಲೆಯಾಡಿಸಿದೆ. ಸೊಸೆಯಂದಿರತ್ತ ತಿರುಗಿ, ಫೋನು ಎತ್ತುವವಳೇ ರಷ್ಯಾವನ್ನು ಹೀಗೆ ಕೆಡವುತ್ತಾಳೆ ಎಂದರೆ ನೀವೆಲ್ಲ ಮನೆಯಲ್ಲಿ ಕೂತು ಏನು ಮಾಡುತ್ತೀರಿ, ಯಲ್ಲಾ, ಏಳಿ ಬೇಗ, ಹೆಸರು ಬರೆಸಿ ಎಂದರು. ಬರೆಸಿದರು, ಅಷ್ಟೂ ಜನ! ಆ ಹೊತ್ತು ನಾನು ಬಿಟ್ಟ ನಿಟ್ಟುಸಿರಿಗೆ ಎಸಿಯೇ ಬೇಕಿರಲಿಲ್ಲ.

ಅವರೆಲ್ಲ ಹೋದ ಮೇಲೆ ಕೋಚ್ ಬೆನ್ನು ನೀವಿಕೊಳ್ಳುತ್ತಾ ಬಂದರು. "ಅತಿಥಿಗಳಿದ್ದಾರೆಂದು ಜೂಡೋ ಪಂದ್ಯದ ಜಪಾನಿ ಮಾತಿನಲ್ಲೇ ಹೇಳಿದೆ. ಮತ್ತೆ ಅಂದರೆ 'ನಿಲ್ಲು' ಅಂತ! ಅಷ್ಟು ಕೂಗಿದರೂ ಯಾಕೆ ನಿಲ್ಲಿಸಲಿಲ್ಲ?"

ನಮ್ಮ ಭಾಷೆಯಲ್ಲಿ ಅದಕ್ಕೆ 'ಇನ್ನೊಂದು ಸಲ' ಎಂದು ಅರ್ಥ ಎಂದು ಮೆಲ್ಲಗೆ ಹೇಳಿದೆ.

ಅವರು ಮ್ಯಾಟ್ ಮೇಲೆ ಕುಸಿದು ಕೂತು, ಎದೆಯ ಮೇಲೆ ಕೈಯಿಟ್ಟುಕೊಂಡರು.

"ಸದ್ಯ! ನನ್ನ ಫೈನಲ್‌ಗಳಲ್ಲಿ ನಿಮ್ಮೂರಿನವರು ಯಾರೂ ಇರಲಿಲ್ಲ."