ಅವ್ವನ ವಸಡು ಮತ್ತು ನಾನು ಗೆದ್ದ ಚರ್ಚೆ

ನಮ್ಮ ನೆಂಟರಿಷ್ಟರಲ್ಲಿ ಚಾಲ್ತಿಯಲ್ಲಿರುವ ಕಥೆಯ ಪ್ರಕಾರ, ಅವ್ವನ ಸಕ್ಕರೆ ಕಾಯಿಲೆಯನ್ನು ಸಕಾಲಕ್ಕೆ ಪತ್ತೆ ಮಾಡಿಸಿ ಅವಳ ಕಾಲುಳಿಸಿದ ಜಾಣೆ ನಾನು. ಈ ಕಥೆಗೆ ನನ್ನ ಆಕ್ಷೇಪಣೆಯಿದೆ. ಶಿಕಾರಿಪುರದ ಕಾಲೇಜಿಗೆ ಮೂರು ವರ್ಷ ಚರ್ಚಾಸ್ಪರ್ಧೆಯ ಫಲಕ ಹೊತ್ತು ತಂದವಳು ನಾನು. ಊಟಕ್ಕೆ ಕರೆದರೂ ಮೊದಲು ವಿರೋಧಿಸಿ, ಆಮೇಲೆ ತಟ್ಟೆ ಹಾಕಿಕೊಳ್ಳುತ್ತೇನೆ. ಈ ಹೊಗಳಿಕೆಯನ್ನು ಮಾತ್ರ ವಿರೋಧಿಸದೆ ಇಷ್ಟು ದಿನ ಸುಮ್ಮನಿದ್ದೆ.

ಹೋದ ವರ್ಷ, ಆನವಟ್ಟಿಗೆ ಎರಡನೆಯ ಎಸ್‌ಟಿಡಿ ಬೂತು ಬಂದ ಬೇಸಿಗೆಯ ಮಾತು. ನಮ್ಮೂರು ಉಳವಿಯಲ್ಲಿ ಅವ್ವನ ವಸಡು ಬಾತು, ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ‘ಉಷ್ಣ’ ಎಂದು ಊರೇ ತೀರ್ಪು ಕೊಟ್ಟಿತು. ಉಷ್ಣಕ್ಕೆ ಮದ್ದು ಬೆಲ್ಲದ ಪಾನಕ. ಅವ್ವ ದಿನಕ್ಕೆ ಮೂರು ಚೊಂಬು ಕುಡಿದಳು. ಕುಡಿದಷ್ಟೂ ಬಾಯಾರಿಕೆ, ಬಾಯಾರಿದಷ್ಟೂ ಪಾನಕ. ದೆವ್ವ, ಶಕುನ, ಜ್ಯೋತಿಷ್ಯ ಎಲ್ಲವನ್ನೂ ಸಂದೇಹಿಸುವ ನಾನು ಪಾನಕವನ್ನು ಸಂದೇಹಿಸಲಿಲ್ಲ; ಚೊಂಬಿನಲ್ಲಿ ಉಳಿದದ್ದನ್ನು ನಾನೇ ಕುಡಿಯುತ್ತಿದ್ದೆ.

ಆನವಟ್ಟಿಯ ಶಾಲೆಯೊಂದರಲ್ಲಿ ಹಲ್ಲಿನ ಶಿಬಿರ ನಡೆದಾಗ, ಅಲುಗುವ ಹಲ್ಲು ಕೀಳಿಸಲು ಅವ್ವ ಹೊರಟಳು, ಜೊತೆಗೆ ನಾನು. ವಸಡಿನ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದ ಎಳೆಯ ಡಾಕ್ಟರಮ್ಮ, ಕಪ್ಪು ಗೆರೆಗಳಿದ್ದ ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ, ಬಾವಿಯ ಆಳ ನೋಡುವವರಂತೆ ಅಳೆದು ಬರೆದುಕೊಂಡರು. ಆಮೇಲೆ ತಲೆಯೆತ್ತದೆಯೇ ಕೇಳಿದರು: “ಅಮ್ಮಾ, ಕಾಲಲ್ಲಿ ಮಾಯದ ಗಾಯ ಏನಾದ್ರೂ ಇದೆಯೇನ್ರೀ?”

ಅವ್ವ ಸೀರೆಯ ನೆರಿಗೆಯನ್ನು ಕಾಲ್ಬೆರಳಿನ ಮೇಲೆ ಎಳೆದುಕೊಂಡಳು. ನನಗೆ ಅದು ಕಂಡರೂ ತಲೆಗೆ ಹೋಗಲಿಲ್ಲ. ವಾದದ ವಾಸನೆ ಬಡಿದಿತ್ತು.

“ಹಲ್ಲಿಗೂ ಕಾಲಿಗೂ ಏನ್ರೀ ಸಂಬಂಧ?”

“ವಸಡು ಹಿಂಗೆ ಹಾಳಾಗಿರೋರಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತಮ್ಮ. ಒಂದು ಇನ್ನೊಂದನ್ನ ಕೆಣಕುತ್ತೆ. ರಕ್ತ ಪರೀಕ್ಷೆ ಮಾಡಿಸಿಬಿಡಿ.”

“ಹಂಗಾದ್ರೆ ಈ ಸಾಲಲ್ಲಿ ಕೂತೋರೆಲ್ಲ ಸಕ್ಕರೆ ಮೂಟೆಗಳೇನ್ರೀ?”

ಸಾಲು ಗೊಳ್ಳೆಂದು ನಕ್ಕಿತು. ದವಡೆ ಹಿಡಿದು ಕೂತಿದ್ದ ಅಜ್ಜರೊಬ್ಬರು, “ಈಕೀನ ವಕೀಲ್ರ ಮನೀಗೇ ಕೊಡ್ರಿ!” ಎಂದರು. ಡಾಕ್ಟರಮ್ಮನೂ ನಕ್ಕು, “ಎಷ್ಟು ಜನಕ್ಕೆ ಅಂತ ನನಗೂ ಗೊತ್ತಿಲ್ಲ. ಅದನ್ನೇ ಹುಡುಕ್ತಿದ್ದೀನಿ” ಎಂದರು.

‘ಗೊತ್ತಿಲ್ಲ’ ಎಂದವರು ಸೋತಂತೆ. ನಾನು ಗೆದ್ದೆ. ಅವ್ವ ತಲೆಯಾಡಿಸಿದಳು. ಪರೀಕ್ಷೆ ಏಕೆ ಬೇಡವೆಂಬುದಕ್ಕೆ ಬಸ್ಸಿನಲ್ಲಿ ಇನ್ನೂ ನಾಲ್ಕು ಕಾರಣ ಕೊಟ್ಟೆ.

ಮೂರನೆಯ ದಿನ ಅವ್ವ ಸಂತೆಗೆಂದು ಹೇಳಿ, ಒಬ್ಬಳೇ ಸೊರಬದ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದಳು. ಸಕ್ಕರೆ ಇತ್ತು, ಬೇಕಾದಷ್ಟು. ಹೆಬ್ಬೆರಳ ಸಂದಿಯಲ್ಲಿ ತಿಂಗಳಿಂದ ಮಾಯದ ಗಾಯವೂ ಇತ್ತು. ತಡಮಾಡಿದ್ದರೆ ಕಾಲಿಗೇ ಸಂಚಕಾರವಿತ್ತು ಎಂದರಂತೆ ಅಲ್ಲಿನ ಡಾಕ್ಟರು.

ಒಂದೇ ಮನೆಯಲ್ಲಿದ್ದ ನನಗೆ ಕಾಣದ ಬೆರಳು, ಬಾಯೊಳಗೆ ಬಗ್ಗಿ ನೋಡಿದ ಡಾಕ್ಟರಮ್ಮನಿಗೆ ಕಂಡಿತ್ತು! ಅಂಜನಾಪುರದ ಕೆರೆಯ ಸಮಾಚಾರವನ್ನು ಎಲ್ಲೋ ಗದ್ದೆಯಂಚಿನ ಕಾಲುವೆ ಹೇಳುವ ಹಾಗೆ, ಇಡೀ ಮೈಯ ಸುದ್ದಿಯನ್ನು ಒಂದು ವಸಡು ಹೇಳಿತ್ತು. ‘ಗೊತ್ತಿಲ್ಲ’ ಎನ್ನುತ್ತಲೇ ಅಷ್ಟು ದೂರ ಕಾಣುವ ಆ ವಿದ್ಯೆಯನ್ನು ನೆನೆದರೆ ಈಗಲೂ ನನ್ನ ಮಾತು ನಿಲ್ಲುತ್ತದೆ. ನನ್ನ ಮಾತು ನಿಲ್ಲುವುದೆಂದರೆ ಸಣ್ಣ ವಿಷಯವಲ್ಲ.

ಅವ್ವ ಮಾತ್ರ ಬಂದವರಿಗೆಲ್ಲ, “ನನ್ ಮಗಳೇ ಕಣ್ರೀ, ಹಠ ಹಿಡಿದು ಪರೀಕ್ಷೆ ಮಾಡ್ಸಿದ್ದು” ಎನ್ನುತ್ತಾಳೆ. ನಿನ್ನೆ ಪಕ್ಕದ ಮನೆಯವರಿಗೂ ಹಾಗೇ ಹೇಳಿ, ಹಿತ್ತಲಿಗೆ ಹೋಗಿ, ಬಾಯಿ ತುಂಬ ಉಪ್ಪುನೀರು ತುಂಬಿಕೊಂಡು ನಿಂತಳು. ಅಡ್ಡಗಟ್ಟಿ ಒಂದೇ ಪ್ರಶ್ನೆ ಕೇಳಿದೆ. ಉಗುಳಲೂ ಇಲ್ಲ, ನುಂಗಲೂ ಇಲ್ಲ. ಕೆನ್ನೆಯುಬ್ಬಿಸಿಕೊಂಡು ಕಣ್ಣಲ್ಲೇ ನಗುತ್ತಿದ್ದಳು.

“ಅವ್ವಾ, ಅವತ್ತು ನೀನು ತಲೆಯಾಡ್ಸಿದ್ದು ನನ್ ಮಾತಿಗೋ, ಆ ಡಾಕ್ಟರಮ್ಮನ ಮಾತಿಗೋ?”