ಹೊಸ್ತಿಲಲ್ಲಿ ನಿಲ್ಲುವ ರೈಲು

ಇಡೀ ಡೊಂಬಿವಲಿಯಲ್ಲಿ ಯಾರ ಬಳಿಯೂ ಇಲ್ಲದ ಒಂದು ವಸ್ತು ನಮ್ಮ ದೊಡ್ಡಪ್ಪನ ಬಳಿ ಇದೆ: ಖಾಲಿ ರೈಲು! ಠಾಣೆ ಊರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಅಷ್ಟೂ ವರ್ಷ ಕಿಕ್ಕಿರಿದ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿದವರು. ಅಂಥವರು ನಿವೃತ್ತರಾದ ಮೇಲೆ ರೈಲಿನ ಮುಖವನ್ನಾದರೂ ನೋಡಬೇಕೇ? ಇವರು ಮನೆಯೊಳಗೇ ಹಳಿ ಹಾಕಿಕೊಂಡರು!

ಆಟಿಕೆ ರೈಲಿನ ಆ ಹಳಿ ಸೋಫಾದ ಅಡಿಯಿಂದ ಹೊರಟು, ಅಡುಗೆಮನೆಯ ಕಲ್ಲಿನ ಹೊಸ್ತಿಲು ದಾಟಿ, ಗ್ಯಾಸ್ ಸಿಲಿಂಡರಿಗೆ ಪ್ರದಕ್ಷಿಣೆ ಹಾಕಿ ಮರಳುತ್ತದೆ. ಬಾಯಾರಿಕೆಯೆಂದು ಎದ್ದರೆ, "ನಿಲ್ಲು ಮಾರಾಯ! ಲೈನ್ ಕ್ಲಿಯರ್ ಇಲ್ಲ!" ಎಂದು ಕೂಗುತ್ತಾರೆ. ನೀರು ಕುಡಿಯಲೂ ಸಿಗ್ನಲ್ ಬೇಕಾದ ಮನೆ ಬೇರೆಲ್ಲಾದರೂ ಉಂಟೇ?

ದೊಡ್ಡಮ್ಮನಿಗೂ ಇದೇ ಕಾನೂನು. "ನಿಮ್ಮ ಗಾಡಿ ಹೋಗುವಷ್ಟರಲ್ಲಿ ನನ್ನ ಒಗ್ಗರಣೆ ಸೀದು ಹೋಗ್ತದೆ" ಎಂದು ಗೊಣಗುತ್ತಲೇ ಸೌಟು ಹಿಡಿದು ಹೊಸ್ತಿಲ ಬಳಿ ನಿಲ್ಲುತ್ತಿದ್ದರು. ಆದರೆ ಆಯುಧಪೂಜೆಯ ದಿನ ರಾಜ್ಯಭಾರ ಅವರದು. ಮಿಕ್ಸಿ, ಕತ್ತರಿ, ಸ್ಕ್ರೂಡ್ರೈವರ್, ಎಂಜಿನ್, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗಂಧ. ಒಂದು ವರ್ಷ ದೊಡ್ಡಪ್ಪ ಕಳಚಿಟ್ಟಿದ್ದ ಹಲ್ಲಿನ ಸೆಟ್ಟಿಗೂ ಬಿತ್ತು! "ದಿನಾ ಕೆಲಸ ಮಾಡುವ ಆಯುಧ ಅಲ್ವಾ ಅದು?" ಎಂದು ಸಮಜಾಯಿಷಿ ಬೇರೆ. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವ ಹಾಗಿಲ್ಲ.

ಕಳೆದ ಆಯುಧಪೂಜೆಯ ಮರುದಿನ ಬೆಳಿಗ್ಗೆ ದೊಡ್ಡಮ್ಮ ಏಳಲೇ ಇಲ್ಲ. ಅಂದಿನಿಂದ ಆ ಮನೆಗೆ ಹೋಗುವುದೆಂದರೆ ನನಗೆ ಮನಸ್ಸು ಭಾರ. ಎಲ್ಲ ಇದೆ, ಒಗ್ಗರಣೆಯ ಪರಿಮಳ ಇಲ್ಲ. ದೊಡ್ಡಪ್ಪ ಅಳಲಿಲ್ಲ, ದೊಡ್ಡಮ್ಮನ ಮಾತನ್ನೇ ಎತ್ತಲಿಲ್ಲ. ಬಾಯಿ ಬಿಟ್ಟರೆ ಎಂಜಿನ್ನಿನ ಕಾಯಿಲೆಯ ವಿಷಯವೇ.

ಕಾಯಿಲೆ ಏನೆಂದರೆ, ಎಂಜಿನ್ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತುಬಿಡುವುದು. ಅದರ ಹೊಟ್ಟೆಯಲ್ಲಿ ಸೌಂಡ್ ಡಿಕೋಡರ್ ಎಂಬ ಉಗುರಿನಷ್ಟು ಸಾಧನವಿದೆ. ಹಾರ್ನು, ಗುರುಗುರು ಸದ್ದು ಎಲ್ಲ ಅದರದೇ. ಹಳಿಯಿಂದ ಬರುವ ಕರೆಂಟ್ ಕ್ಷಣ ತಪ್ಪಿದರೂ ಅದಕ್ಕೆ ಸ್ಮೃತಿ ತಪ್ಪುತ್ತದೆ. ದೊಡ್ಡಪ್ಪ ಕಿರುಬೆರಳಿನಿಂದ ತಳ್ಳಿದರೆ, ಮೊದಲಿನಿಂದ ಗುರುಗುಟ್ಟಿ, ಹಾರ್ನ್ ಹೊಡೆದು ಹೊರಡುತ್ತದೆ. ಕೆಳಮಹಡಿಯ ಮರಾಠಿ ಹೆಂಗಸು ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ, "ಕಾಯ್ ಕಾಕಾ, ಆಜ್ ಪಣ್ ಗಾಡಿ ಲೇಟ್?" ಎಂದು ಇವತ್ತಿನ ವಿಳಂಬವನ್ನೂ ವಿಚಾರಿಸುತ್ತಾರೆ!

ದೊಡ್ಡಪ್ಪ ಚಕ್ರ ತಿಕ್ಕಿದರು, ವೈರು ಬದಲಿಸಿದರು, ಡಿಕೋಡರ್ ಬಿಚ್ಚಿ ಮತ್ತೆ ಬೆಸುಗೆ ಹಾಕಿದರು. ವಾರವಾರವೂ ನನಗೆ ಫೋನ್: "ಇವತ್ತೂ ಅಲ್ಲಿಯೇ ನಿಂತಿತು ಮಾರಾಯ!" ಅದು ದುಃಖವೋ ಸಂಭ್ರಮವೋ, ಆ ದೇವರೇ ಬಲ್ಲ. ಕರೆಂಟ್ ತಪ್ಪಿದರೂ ಎಂಜಿನ್ನನ್ನು ಎರಡು ಕ್ಷಣ ಓಡಿಸುವ ಕೆಪಾಸಿಟರ್ ಒಂದನ್ನು ಹುಡುಕಿ ತಂದುಕೊಟ್ಟೆ. ಅದನ್ನು ಡ್ರಾಯರಿಗೆ ಸೇರಿಸಿದರು.

"ಯಾಕೆ ದೊಡ್ಡಪ್ಪ?"

"ಅದು ಹಾಕಿದ್ರೆ ಗಾಡಿ ಅಲ್ಲಿ ನಿಲ್ಲುದೇ ಇಲ್ಲ ಅಲ್ವಾ?"

ನಿಲ್ಲದಿರಲಿ ಎಂದೇ ಅಲ್ಲವೇ ತಂದದ್ದು! ಅರವತ್ತಕ್ಕೆ ಅರಳು ಮರುಳು ಎಂದುಕೊಂಡು ನಕ್ಕೆ.

ಮೊನ್ನೆ ಭಾನುವಾರ ಅವರು ಹಾಲು ತರಲು ಇಳಿದಾಗ ನಾನೇ ನೆಲದಲ್ಲಿ ಕೂತು ಹಳಿ ಪರೀಕ್ಷಿಸಿದೆ. ಬೇರೆಲ್ಲ ಕಡೆ ಫಳಫಳ. ಹೊಸ್ತಿಲ ಮೇಲೆ ಮಾತ್ರ ಗೇಣುದ್ದ ತಿಳಿಹಳದಿ ಕಲೆ. ತೊವ್ವೆ ಚೆಲ್ಲಿ ಒಣಗಿ ಕರೆಂಟಿಗೆ ಅಡ್ಡವಾಗಿರಬೇಕು! ಸ್ಪಿರಿಟ್ ಅದ್ದಿದ ಬಟ್ಟೆಯಿಂದ ತಿಕ್ಕಿ ತೆಗೆದೆ. ಅವರು ಬಂದಾಗ ಎಂಜಿನ್ ಹೊಸ್ತಿಲನ್ನು ಸರಾಗವಾಗಿ ದಾಟುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ.

ದೊಡ್ಡಪ್ಪ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಹೊಸ್ತಿಲ ಬಳಿ ಕುಕ್ಕರಿಸಿದರು. ಕಿರುಬೆರಳು ಚಾಚಿ ಕಾದರು. ಒಂದು ಸುತ್ತು, ಎರಡು, ಮೂರು. ಎಂಜಿನ್ ನಿಲ್ಲಲಿಲ್ಲ.

"ಕಳೆದ ಆಯುಧಪೂಜೆಗೆ ನಿನ್ನ ದೊಡ್ಡಮ್ಮ ಹೊಸ್ತಿಲಿಗೆ ಗಂಧ ಹಚ್ಚುವಾಗ ಹಳಿಗೂ ಹಚ್ಚಿದ್ದಳು" ಎಂದರು. "ನಾನು ಬೈದೆ. 'ನಿಮ್ಮ ಗಾಡಿಗೆ ನಾನು ದಿನಾ ನಿಲ್ತೇನೆ, ಒಂದು ದಿನ ಅದೂ ನನಗೆ ನಿಲ್ಲಲಿ' ಅಂದ್ಳು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ದಿನ ನಾನು ನಕ್ಕದ್ದು ಯಾವುದಕ್ಕೆ! ಕೊನೆಗೆ ಎದ್ದು, ದೇವರ ಗೂಡಿನಿಂದ ಸಾಣೆಕಲ್ಲನ್ನೂ ಗಂಧದ ಕೊರಡನ್ನೂ ತಂದು, ನೀರು ಚಿಮುಕಿಸಿ ತೇಯ್ದೆ. ಹಳಿಗೆ ಹಚ್ಚಲು ಬಗ್ಗಿದಾಗ ದೊಡ್ಡಪ್ಪ ನನ್ನ ಕೈ ಹಿಡಿದರು.

"ಅಷ್ಟು ದಪ್ಪ ಬೇಡ ಮಗಾ. ಅವಳು ತೆಳ್ಳಗೆ ಹಚ್ಚುದು."

ಗಂಧ ಒಣಗುವ ತನಕ ಇಬ್ಬರೂ ಹೊಸ್ತಿಲ ಆಚೆ ಈಚೆ ಕೂತು ಕಾದೆವು. ಆಮೇಲೆ ಎಂಜಿನ್ ಬಂತು, ನಿಂತಿತು. ದೊಡ್ಡಪ್ಪ ತಳ್ಳಲು ಅವಸರ ಮಾಡಲಿಲ್ಲ.