ಹನ್ನೆರಡು ಸುತ್ತಿನ ಭಾನುವಾರ

ಗಡಿಯಾರ ರಿಪೇರಿಯವನಿಗೆ ಬಾಕ್ಸಿಂಗ್ ಹುಚ್ಚು ಹಿಡಿದದ್ದು ಟಿವಿಯವರ ಕೃಪೆ. ಹುಟ್ಟಿದಾಗಿನಿಂದ ಅವನು ಯಾರಿಗೂ ಒಂದು ಏಟು ಕೊಟ್ಟವನಲ್ಲ. (ತಿಂದದ್ದರ ಮಾತು ಬೇರೆ.) ಮೊದಲಾದರೆ ಒಂದೆರಡು ದೇಶದವರು ತಮ್ಮತಮ್ಮಲ್ಲೇ ಗುದ್ದಾಡಿಕೊಂಡು ಸುಮ್ಮನಾಗುತ್ತಿದ್ದರು. ಈಗ ಹಿಮದ ನಾಡಿನವನು ಮರಳುಗಾಡಿಗೆ ಹೋಗಿ ಯಾವುದೋ ದ್ವೀಪದವನ ಮೂಗು ಮುರಿಯುತ್ತಾನೆ, ಅದನ್ನು ನೂರು ದೇಶದವರು ಮನೆಯಲ್ಲಿ ಕಾಲು ಚಾಚಿಕೊಂಡು ನೋಡುತ್ತಾರೆ. ಯಾವ ಪಂದ್ಯ ಎಷ್ಟು ಹೊತ್ತಿಗೆ ಎಂದು ತಿಳಿಯಲು ಅವನು ಹಜಾರದ ಗೋಡೆಗೆ ಐದು ದೇಶದ ಐದು ಗಡಿಯಾರ ತೂಗುಹಾಕಿದ್ದ. ಸ್ವಂತ ಊರಿನ ಹೊತ್ತು ಬೇಕಾದರೆ ಮನೆಯವರು ಪಕ್ಕದ ಮನೆಗೆ ಹೋಗಿ ಕೇಳಬೇಕಿತ್ತು.

ಅವನ ಗೋಡೆಯ ಲೆಕ್ಕದಂತೆ ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಶ್ವ ಹೆವಿವೇಯ್ಟ್ ಪಟ್ಟದ ಮಹಾಕಾಳಗ. ಆರು ತಿಂಗಳಿಂದ ಅವನು ಅದಕ್ಕಾಗಿಯೇ ಜೀವ ಹಿಡಿದುಕೊಂಡಿದ್ದ. ಒಂಬತ್ತಕ್ಕೆ ಹೆಂಡತಿ ಅಡುಗೆಮನೆಯಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಕಪಾಟು ಇವತ್ತು ಸರಿಸಲೇಬೇಕು. ಅದರ ಹಿಂದೆ ಇಲಿ ಸಂಸಾರ ಹೂಡಿದೆ."

"ಇವತ್ತೇನಾ? ಇಲಿಗೇನು ಅಷ್ಟು ಅವಸರ?"

"ಇಲಿಗಿಲ್ಲ, ನನಗಿದೆ!"

ಮಾತಿಗೆ ಮಾತು ಬೆಳೆಯಿತು. ಆಗ ಅವನಿಗೆ ಜ್ಞಾನೋದಯವಾಯಿತು. ಜಗಳವೂ ಅಂತಾರಾಷ್ಟ್ರೀಯ ನಿಯಮದಂತೆಯೇ ನಡೆಯಲಿ! ಹನ್ನೆರಡು ಸುತ್ತು, ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ. ಸುತ್ತು ಮುಗಿದ ಗಂಟೆ ಬಾರಿಸಿದ ಮೇಲೆ ಬಾಯಿ ತೆಗೆದರೆ ಅಂಕ ಕಟ್. ಒಂಬತ್ತೂ ಮುಕ್ಕಾಲು ದಾಟುವಷ್ಟರಲ್ಲಿ ತೀರ್ಪು, ಹತ್ತಕ್ಕೆ ಟಿವಿ. ತೀರ್ಪುಗಾರ್ತಿ ಅವನ ಅತ್ತೆ. ಮಗಳ ಪರ ವಹಿಸುತ್ತಾಳೆಂಬ ಭಯವಿರಲಿಲ್ಲ, ಏಕೆಂದರೆ ಇದೇ ಕಪಾಟಿನ ದೆಸೆಯಿಂದ ತಾಯಿ ಮಗಳು ಎರಡು ದಿನದಿಂದ ಮಾತು ಬಿಟ್ಟಿದ್ದರು.

ಹೆಂಡತಿ ಮದುವೆಯ ಮರುದಿನದಿಂದ ಶುರು ಮಾಡಿದಳು. ಅವನು ಅವಳ ಅಣ್ಣನನ್ನು ಎಳೆದು ತಂದ, ಅವಳು ಅವನ ತಂಗಿಯರಿಬ್ಬರನ್ನೂ ತಂದಳು. ವಿಶ್ರಾಂತಿಯಲ್ಲಿ ಅವನು ಹೆಗಲಿಗೆ ಟವೆಲ್ ಹಾಕಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತು ಬಾಯಿ ಮುಕ್ಕಳಿಸುತ್ತಿದ್ದ. ಸ್ಟಾಪ್‌ವಾಚ್ ಅವನದೇ, ಒಂದು ಸೆಕೆಂಡೂ ಅತ್ತಿತ್ತ ಆಗಲಿಲ್ಲ. ಏಳನೇ ಸುತ್ತಿನ ಮೇಲೆ ಹೆಂಡತಿ ಸುಮ್ಮನೆ ತಲೆಯಾಡಿಸತೊಡಗಿದಳು. ಸುಸ್ತಾದಳು ಎಂದುಕೊಂಡು ಅವನು ಇನ್ನಷ್ಟು ಹುರುಪಿನಿಂದ ಮೇಲೆಬಿದ್ದ.

"ಅಳಿಯಂದಿರೇ ಗೆದ್ರು," ಎಂದಳು ಅತ್ತೆ. "ಇವಳು ಕೊನೆಕೊನೆಗೆ ಆಟವನ್ನೇ ಬಿಟ್ಟುಬಿಟ್ಟಳು."

ಅವನು ತನ್ನ ಕೈಯನ್ನು ತಾನೇ ಎತ್ತಿಕೊಂಡು ಹಜಾರಕ್ಕೆ ಒಂದು ಸುತ್ತು ಹಾಕಿ ಟಿವಿ ಹಚ್ಚಿದ. ರಿಂಗಿನಲ್ಲಿ ಒಬ್ಬಾತ ನೆಲ ಒರೆಸುತ್ತಿದ್ದ. ಪಕ್ಕದಲ್ಲಿ ಒಂದು ಕಣ್ಣು ಊದಿದ ಹೊಸ ಚಾಂಪಿಯನ್ ಸೊಂಟದ ಪಟ್ಟಿ ತೋರಿಸುತ್ತ ಅರ್ಥವಾಗದ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ನಾಲ್ಕನೇ ಸುತ್ತಿಗೇ ನಾಕೌಟ್, ಎಲ್ಲ ಮುಗಿದಿತ್ತು.

"ಪಂದ್ಯ ನಡೆಯೋ ದೇಶಕ್ಕೆ ಬೇಸಿಗೆ ಬಂತಂತೆ," ಎಂದಳು ಹೆಂಡತಿ. "ಬೇಸಿಗೆ ಬಂದ್ರೆ ಅಲ್ಲಿ ಹಾಗೇ ಪದ್ಧತಿ, ಹೋದ ವಾರವೇ ಎಲ್ಲರೂ ಗಡಿಯಾರ ಒಂದು ಗಂಟೆ ಮುಂದಿಟ್ಕೊಂಡ್ರಂತೆ, ನಿಮ್ಮ ಗೋಡೆಯದು ಮಾತ್ರ ಹಾಗೇ ಇದೆ. ಇಲ್ಲಿ ಪಂದ್ಯ ಒಂಬತ್ತಕ್ಕೇ ಅಂತ ಟಿವಿಯವರು ವಾರವೆಲ್ಲ ಬಡ್ಕೊಂಡ್ರು. ನೀವಿದ್ದಾಗ ಜಾಹೀರಾತಿಗೆಲ್ಲ ದನಿ ಅಡಗಿಸ್ತಿದ್ರಲ್ಲ, ಎಲ್ಲಿ ಕೇಳಿಸ್ಬೇಕು?"

"ನಿನಗೆ ಗೊತ್ತಿತ್ತಾ!" ಅವನಿಗೆ ಅಳು ಬರುವುದೊಂದು ಬಾಕಿ. "ಒಂದು ಮಾತು ಹೇಳೋದಲ್ವಾ?"

"ಎರಡನೇ ಸುತ್ತಲ್ಲೇ ಹೇಳೋಕೆ ಹೋದೆ. ನೀವು ಗಂಟೆ ಬಾರಿಸಿ ನನ್ನ ಅಂಕ ಕಿತ್ಕೊಂಡ್ರಿ."